ನೆಲಹಾಸಿನ ಅಂಚುಪಟ್ಟಿ: ಅಂದವೂ ಆದಾಯವೂ

ಮನೆ ಕಟ್ಟಿಸುವವರು ನೆಲಹಾಸಿನ ಅಂಗಡಿಯ ಮೆಟ್ಟಿಲೇರಿದೊಡನೆ ಕೇಳುವ ಮೊದಲ ಪ್ರಶ್ನೆ ‘ಚದರ ಅಡಿಗೆ ಎಷ್ಟು?’ ಎಂಬುದು. ವ್ಯಾಪಾರಿಯ ದರಪಟ್ಟಿ, ಗುತ್ತಿಗೆದಾರನ ಅಂದಾಜು, ಮೇಸ್ತ್ರಿಯ ಕೂಲಿ ಇವೆಲ್ಲವೂ ಚದರ ಅಡಿಯನ್ನೇ ನಂಬಿ ನಿಂತಿವೆ. ಆದರೆ ಅದೇ ನೆಲದ ಮೇಲೆ ಗೋಡೆಗೆ ಸಮಾನಾಂತರವಾಗಿ ಸುತ್ತುವರಿಯುವ ಅಲಂಕಾರಿಕ ಅಂಚುಪಟ್ಟಿ, ಅಂದರೆ ಎಲ್ಲರೂ ಬಾರ್ಡರ್ ಎಂದು ಕರೆಯುವ ಪಟ್ಟಿ, ರನ್ನಿಂಗ್ ಫೂಟ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಂದೇ ಕೋಣೆಗೆ ಎರಡು ಅಳತೆಗಳು, ಎರಡು ದರಗಳು, ಎರಡು ಬಗೆಯ ಪೋಲು. ಈ ವ್ಯತ್ಯಾಸವನ್ನು ಅಂದಾಜುಪಟ್ಟಿಯಲ್ಲಿ ಸರಿಯಾಗಿ ತೋರಿಸಿದವರಿಗೆ ಅಂಚುಪಟ್ಟಿಯು ಉತ್ತಮ ಲಾಭದ ಬಾಬತ್ತು. ತೋರಿಸದವರಿಗೆ ಅದು ಉಗ್ರಾಣದ ಮೂಲೆಯಲ್ಲಿ ಧೂಳು ಹಿಡಿಯುವ ಪೆಟ್ಟಿಗೆಗಳ ರಾಶಿ. ಮಂಗಳೂರಿನ ನೆಲಹಾಸು ವ್ಯಾಪಾರಿಗಳಿಗೆ ಮಾತ್ರವಲ್ಲ, ಬೈಕಂಪಾಡಿ, ಯೆಯ್ಯಾಡಿಗಳಲ್ಲಿ ಸಣ್ಣ ಉದ್ದಿಮೆ ನಡೆಸುವವರಿಗೂ ಈ ವಿಷಯ ಪರಿಶೀಲನೆಗೆ ಅರ್ಹವಾಗಿದೆ.

ಹೆಂಚಿನ ಊರು, ನೆಲದ ಅಂಚು

ಕರಾವಳಿಗೆ ನೆಲದ ಅಂಚು ಹೊಸ ಕಲ್ಪನೆಯಲ್ಲ. ಸೆಗಣಿ ಸಾರಿಸಿದ ನೆಲವಿದ್ದ ಕಾಲದಲ್ಲಿಯೂ ಗೋಡೆಯ ಬುಡದುದ್ದಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವ, ಹೊಸ್ತಿಲಿನ ಮುಂದೆ ರಂಗೋಲಿಯ ಎಳೆ ಎಳೆಯುವ ರೂಢಿಯಿತ್ತು. ಸಿಮೆಂಟು ಬಳಕೆಗೆ ಬಂದ ಮೇಲೆ ಕೆಂಪು ಆಕ್ಸೈಡಿನ ನೆಲ ಬಂದಿತು. ಹಳೆಯ ಮನೆಗಳ ಚಾವಡಿಯಲ್ಲಿ ಇಂದಿಗೂ ಕಾಣಸಿಗುವ, ಕನ್ನಡಿಯಂತೆ ಹೊಳೆಯುವ ಆ ಕೆಂಪು ನೆಲಕ್ಕೆ ಕಪ್ಪು ಅಂಚು ಸಾಮಾನ್ಯವಾಗಿತ್ತು. ಅದು ಕೇವಲ ಅಂದಕ್ಕಾಗಿ ಹಾಕಿದ್ದಲ್ಲ. ನೆಲ ಒರೆಸುವಾಗ ಕೊಳೆನೀರು ಸರಿದು ನಿಲ್ಲುವುದು ಗೋಡೆಯ ಬುಡದಲ್ಲಿ. ಅಲ್ಲಿನ ಕಲೆಯನ್ನು ಕಪ್ಪು ಬಣ್ಣ ಮರೆಮಾಡುತ್ತಿತ್ತು. ಆಕ್ಸೈಡ್ ನೆಲವನ್ನು ಅಖಂಡವಾಗಿ ಹಾಸಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುವ ಸಂಭವವುಂಟು. ಅಂಚಿನ ಗೆರೆಯು ಆ ಬಿರುಕಿಗೆ ಒಂದು ನಿಶ್ಚಿತ ಹಾದಿಯನ್ನು ಕೊಡುತ್ತಿತ್ತು. ಬಣ್ಣದ ಪುಡಿಯು ಸಿಮೆಂಟಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂಬ ನಿಯಮವನ್ನು ಪಾಲಿಸಿ, ನಿಧಾನವಾಗಿ ನೀರುಣಿಸಿ, ಮೇಣ ತಿಕ್ಕಿ ಹೊಳಪು ತರಬಲ್ಲ ಮೇಸ್ತ್ರಿಗಳು ಈಗ ವಿರಳ. ಅಂಥವರಿಗೆ ಬೇಡಿಕೆ ಮಾತ್ರ ಮತ್ತೆ ಕಾಣಿಸಿಕೊಂಡಿದೆ.

ಇನ್ನೊಂದು ಕಡೆಯಿಂದ ನೋಡಿದರೆ ಮಂಗಳೂರು ಸುಟ್ಟ ಮಣ್ಣಿನ ಊರು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡಕ್ಕೆ ಸಮೀಪದಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಮಿಷನ್‌ನ ಇತರ ಕಾರ್ಖಾನೆಗಳು ತೆರೆದವು. ಸ್ಥಳೀಯ ಉದ್ಯಮಿಗಳೂ ಹಿಂದೆ ಬೀಳಲಿಲ್ಲ. ಮೊದಲ ಮಹಾಯುದ್ಧದ ತರುವಾಯ ಮಿಷನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಮಾಡಿನ ಹೆಂಚಿನಿಂದ ಹೆಸರು ಪಡೆದರೂ ಈ ಕಾರ್ಖಾನೆಗಳು ನೆಲಕ್ಕೆ ಹಾಸುವ ಬಿಲ್ಲೆಗಳನ್ನೂ ತಯಾರಿಸುತ್ತಿದ್ದವು ಎಂಬುದನ್ನು ಅನೇಕರು ಮರೆತಿದ್ದಾರೆ.

ಆ ಉದ್ಯಮದ ಇಳಿಗಾಲದ ಕಾರಣಗಳು ವ್ಯಾಪಾರಿ ವರ್ಗಕ್ಕೆ ತಿಳಿದವುಗಳೇ: ಯೋಗ್ಯವಾದ ಜೇಡಿಮಣ್ಣಿನ ಅಭಾವ, ಸೌದೆಯ ಬೆಲೆ, ಕಾರ್ಮಿಕರ ಕೊರತೆ, ಕಾಂಕ್ರೀಟ್ ತಾರಸಿಯ ಸ್ಪರ್ಧೆ. ಒಂದು ವಿಪರ್ಯಾಸವನ್ನು ಇಲ್ಲಿ ಹೇಳಲೇಬೇಕು. ಇಂದು ದೇಶದ ಸೆರಾಮಿಕ್ ಟೈಲ್ಸ್‌ನ ಬಹುಪಾಲನ್ನು ಉತ್ಪಾದಿಸುವ ಗುಜರಾತಿನ ಮೋರ್ಬಿಯಲ್ಲಿಯೂ ಒಂದು ಕಾಲಕ್ಕೆ ತಯಾರಾಗುತ್ತಿದ್ದುದು ಮಾಡಿನ ಹೆಂಚುಗಳೇ. ಅವರು ಹೆಂಚನ್ನು ಬಿಟ್ಟು ಗೋಡೆ ಮತ್ತು ನೆಲದ ಟೈಲ್ಸ್‌ಗೆ ತಿರುಗಿದರು. ಮಂಗಳೂರು ತಿರುಗಲಿಲ್ಲ. ಹೀಗಾಗಿ ಹೆಂಚಿನ ಊರಿನ ಮನೆಗಳಿಗೆ ನೆಲ ಲಾರಿಯಲ್ಲಿ ಗುಜರಾತಿನಿಂದ ಬರುತ್ತಿದೆ.

ವಿನ್ಯಾಸದ ಬಣ್ಣದ ಬಿಲ್ಲೆಗಳ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡ ಒತ್ತು ಸಿಮೆಂಟ್ ಟೈಲ್ಸ್‌ನ ತಂತ್ರ ಭಾರತದಲ್ಲಿಯೂ ನೆಲೆಯೂರಿತು. ಮುಂಬಯಿಯ ಭಾರತ್ ಟೈಲ್ಸ್ ಸಂಸ್ಥೆ 1922ರಲ್ಲಿ ಸ್ವದೇಶಿ ಪ್ರೇರಣೆಯಿಂದ ಆರಂಭವಾಯಿತು. ತಮಿಳುನಾಡಿನ ಚೆಟ್ಟಿನಾಡಿನ ಆತಂಗುಡಿಯಲ್ಲಿ ಗಾಜಿನ ಹಲಗೆಯ ಮೇಲೆ ಕೈಯಿಂದ ಎರೆಯುವ ಬಿಲ್ಲೆಗಳು ಇಂದಿಗೂ ತಯಾರಾಗುತ್ತಿವೆ. ಈ ಬಿಲ್ಲೆಗಳಲ್ಲಿ ನಡುವಿನ ನೆಲಕ್ಕೊಂದು ವಿನ್ಯಾಸ, ಅಂಚಿಗೆ ಬೇರೊಂದು ವಿನ್ಯಾಸ, ಮೂಲೆಗೆ ಮತ್ತೊಂದು ಎಂಬ ಮೂರು ಬಗೆ ಇರುವುದು ಸಾಮಾನ್ಯ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ನೆಲವನ್ನು ಕಂಡವರಿಗೆ ನೆಲದ ವಿನ್ಯಾಸವು ಕೋಣೆಯನ್ನು ಹೇಗೆ ಬದಲಿಸಬಲ್ಲದೆಂದು ವಿವರಿಸುವ ಅಗತ್ಯವಿಲ್ಲ.

ಮೊಸಾಯಿಕ್‌ನ ಕಾಲದಲ್ಲಿ ಬಿಳಿ ನೆಲಕ್ಕೆ ಕಡಪ ಕಲ್ಲಿನ ಕಪ್ಪು ಪಟ್ಟಿ ಬಂದಿತು. ಆ ಬಳಿಕ ವಿಟ್ರಿಫೈಡ್ ಟೈಲ್ಸ್‌ಗೆ ಗ್ರಾನೈಟಿನ ಅಂಚು. ಈಚೆಗೆ ಎರಡಡಿ ನಾಲ್ಕಡಿಯ ದೊಡ್ಡ ಹಾಳೆಗಳು ಬಂದ ಮೇಲೆ ಅಂಚು ಹಿಂದೆ ಸರಿದಂತೆ ಕಂಡಿತು. ಆದರೆ ಎಲ್ಲ ಮನೆಗಳ ನೆಲವೂ ಒಂದೇ ಬಗೆಯಾಗಿ ಕಾಣತೊಡಗಿದಾಗ, ತಮ್ಮ ಮನೆಗೊಂದು ಗುರುತು ಬೇಕೆನ್ನುವ ಗ್ರಾಹಕರು ಮರಳಿ ಅಂಚನ್ನು ಕೇಳುತ್ತಿದ್ದಾರೆ.

ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲ ಕೋಣೆಗೂ ಅಂಚು ಒಪ್ಪುವುದಿಲ್ಲ. ಹತ್ತಡಿ ಚದರದ ಮಲಗುವ ಕೋಣೆಯಲ್ಲಿ ಮಂಚ, ಕಪಾಟು, ಮೇಜು ಇಟ್ಟ ಮೇಲೆ ಅಂಚಿನ ಮುಕ್ಕಾಲು ಪಾಲು ಅವುಗಳ ಅಡಿಯಲ್ಲಿ ಅಡಗುತ್ತದೆ. ಅಲ್ಲಿ ಅಂಚನ್ನು ಮಾರುವುದು ಗ್ರಾಹಕನ ಹಣವನ್ನು ಮಂಚದ ಕೆಳಗೆ ಹೂತಂತೆ. ಚಾವಡಿ, ಊಟದ ಕೋಣೆ, ಉದ್ದನೆಯ ನಡುವೆ, ದೇವರ ಕೋಣೆಯ ಮುಂಭಾಗ, ಮೆಟ್ಟಿಲಿನ ತಿರುವು ಇವು ಅಂಚಿಗೆ ಯೋಗ್ಯ ಸ್ಥಳಗಳು. ಗೋಡೆಗೆ ತಾಗಿಸದೆ ಸುಮಾರು ಒಂದಡಿ ಬಿಟ್ಟು ಹಾಕುವುದು ವಾಡಿಕೆ. ಸೋಫಾದ ಬೆನ್ನು ಗೋಡೆಗೆ ಒರಗಿದರೂ ಅಂಚು ಅಲ್ಲಲ್ಲಿಯಾದರೂ ಹೊರಗಿಣುಕಬೇಕಷ್ಟೆ.

ಗೋಡೆಯಿಂದ ಅಂತರ ಬಿಡುವುದಕ್ಕೆ ಇನ್ನೂ ಮುಖ್ಯವಾದ ಕಾರಣವಿದೆ. ಯಾವ ಕೋಣೆಯೂ ಪೂರ್ಣ ಚೌಕವಾಗಿರುವುದಿಲ್ಲ. ಒಂದು ತುದಿಯಲ್ಲಿ 12 ಅಡಿ ಅಗಲವಿರುವ ಕೋಣೆ ಇನ್ನೊಂದು ತುದಿಯಲ್ಲಿ 12 ಅಡಿ 2 ಇಂಚು ಇರುವುದು ಅಪರೂಪವಲ್ಲ. ಅಂಚನ್ನು ಗೋಡೆಗೆ ತಾಗಿಸಿ ಹಾಸಿದರೆ ಆ ಎರಡಿಂಚಿನ ವ್ಯತ್ಯಾಸವು ಓರೆಯಾಗಿ ಕತ್ತರಿಸಿದ ತೆಳು ಸೀಳುಗಳ ರೂಪದಲ್ಲಿ ಎದ್ದು ಕಾಣುತ್ತದೆ. ಅಂಚನ್ನು ಮೂಲೆಮಟ್ಟದಲ್ಲಿ ಸರಿಯಾಗಿ ಕೂರಿಸಿ, ಗೋಡೆಗೂ ಅಂಚಿಗೂ ನಡುವಣ ಸಾದಾ ಪಟ್ಟಿಯಲ್ಲಿ ಆ ವ್ಯತ್ಯಾಸವನ್ನು ಹಂಚಿದರೆ, ಒಂದಡಿ ಅಗಲದ ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳದು.

ಎರಡನೆಯ ಎಚ್ಚರಿಕೆ ಬಿಲ್ಲೆಗಳ ಎಣಿಕೆಗೆ ಸಂಬಂಧಿಸಿದ್ದು. ಆರಿಂಚಿನ ಬಿಲ್ಲೆಯ ಅಂಚನ್ನು 12 ಅಡಿಗೆ 15 ಅಡಿಯ ಕೋಣೆಯಲ್ಲಿ ಒಂದಡಿ ಬಿಟ್ಟು ಹಾಕಿದರೆ ಅಂಚಿನ ಹೊರ ಅಳತೆ 10 ಅಡಿಗೆ 13 ಅಡಿ. ಅಗಲಕ್ಕೆ 20, ಉದ್ದಕ್ಕೆ 26 ಬಿಲ್ಲೆಗಳು ಸರಿಯಾಗಿ ಕೂರುತ್ತವೆ. ಅದೇ ಕೋಣೆಯ ಅಗಲ 11 ಅಡಿ 9 ಇಂಚು ಇದ್ದರೆ ಹತ್ತೊಂಬತ್ತೂವರೆ ಬಿಲ್ಲೆ ಬೇಕಾಗಿ, ಮೂಲೆಯ ಪಕ್ಕದಲ್ಲಿ ಅರ್ಧ ಹೂವು ಉಳಿಯುತ್ತದೆ. ಪರಿಹಾರ ಸುಲಭ: ಆ ಎರಡು ಬದಿಗಳಲ್ಲಿ ಒಂದಡಿಯ ಬದಲು ಹತ್ತೂವರೆ ಇಂಚು ಬಿಟ್ಟರೆ 20 ಬಿಲ್ಲೆಗಳು ಪೂರ್ಣವಾಗಿ ಕೂರುತ್ತವೆ. ಆದರೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಬೇಕು; ಸಿಮೆಂಟು ಕಲಸಿದ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಅಳತೆ ತೆಗೆಯಲು ಅಂಗಡಿಯಿಂದಲೇ ಒಬ್ಬರನ್ನು ಕಳುಹಿಸುವ ವ್ಯಾಪಾರಿಗೆ ಆ ಅರ್ಧ ದಿನದ ಖರ್ಚು ಎಂದೂ ನಷ್ಟವಾಗುವುದಿಲ್ಲ.

ಬಿಡುವ ಅಂತರವು ನಡುನೆಲದ ಟೈಲ್ಸ್‌ನ ಪೋಲನ್ನೂ ನಿರ್ಧರಿಸುತ್ತದೆ. ಎರಡಡಿಯ ಟೈಲ್ ಅನ್ನು ಒಂದಡಿಯ ಪಟ್ಟಿಗಾಗಿ ಕತ್ತರಿಸಿದರೆ ಎರಡೂ ಭಾಗಗಳು ಉಪಯೋಗಕ್ಕೆ ಬರುತ್ತವೆ. ಅಂದ ಚೆನ್ನಾಗಿರಲೆಂದು ಯಾರಾದರೂ 14 ಇಂಚು ಬಿಡಿಸಿದರೆ ಪ್ರತಿ ಟೈಲಿನಿಂದ ಹತ್ತಿಂಚಿನ ತುಂಡು ಉಳಿಯುತ್ತದೆ. ಆ ಸಾಲಿನಲ್ಲಿ ನೂರಕ್ಕೆ ಸುಮಾರು 42ರಷ್ಟು ಪೋಲು. ಗುತ್ತಿಗೆದಾರರು ರೂಢಿಯಂತೆ ನೂರಕ್ಕೆ ಐದು ಅಥವಾ ಹತ್ತು ಎಂದು ಸೇರಿಸುವ ಪೋಲಿನ ಅಂದಾಜು ಇಂಥಲ್ಲಿ ಸಾಲುವುದಿಲ್ಲ.

ದಪ್ಪದ ವಿಷಯವನ್ನು ಮರೆತು ಕೈಸುಟ್ಟುಕೊಂಡವರು ಹಲವರು. ಭಾರತೀಯ ಮಾನಕ ಐಎಸ್ 1237ರ ಪ್ರಕಾರ 200 ಮಿ.ಮೀ. ಚದರದ ಸಿಮೆಂಟ್ ಟೈಲಿನ ದಪ್ಪ 20 ಮಿ.ಮೀ. ಸಾಮಾನ್ಯ ವಿಟ್ರಿಫೈಡ್ ಟೈಲಿನ ದಪ್ಪ 8ರಿಂದ 10 ಮಿ.ಮೀ. ಇವೆರಡನ್ನು ಒಂದೇ ನೆಲದಲ್ಲಿ ಸೇರಿಸುವುದಾದರೆ ಅಡಿಯ ಗಾರೆಯಲ್ಲಿ ಸುಮಾರು ಹನ್ನೊಂದು ಮಿ.ಮೀ. ವ್ಯತ್ಯಾಸವನ್ನು ಮೊದಲೇ ಯೋಜಿಸಬೇಕು. ಇಲ್ಲವಾದರೆ ಅಂಚು ಉಬ್ಬಿ ಕಾಲಿಗೆ ತಾಗುತ್ತದೆ, ಇಲ್ಲವೇ ಇಡೀ ನೆಲ ಎತ್ತರವಾಗಿ ಬಾಗಿಲಿನ ಅಡಿಭಾಗ ಕತ್ತರಿಸಬೇಕಾಗುತ್ತದೆ.

ಮಂಗಳೂರಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ ಬೀಳುವ ಊರಿನಲ್ಲಿ ನೆಲದ ತೇವ ಮೇಲಕ್ಕೆ ಏರುತ್ತದೆ. ವಿಟ್ರಿಫೈಡ್ ಟೈಲ್ ಹೀರುವ ನೀರು ಅರ್ಧ ಶೇಕಡಕ್ಕಿಂತ ಹೆಚ್ಚಿಲ್ಲ. ಸಿಮೆಂಟ್ ಟೈಲ್ ಅದಕ್ಕಿಂತ ಹೆಚ್ಚು ಹೀರುತ್ತದೆ. ಬಿಳಿ ಉಪ್ಪು ಮೇಲೆದ್ದು ಬಣ್ಣ ಮಂಕಾಗಬಹುದು. ಆದುದರಿಂದ ಮಳೆನೀರು ಎರಚುವ ಸಿಟ್‌ಔಟ್‌ಗೆ ಗ್ರಾನೈಟಿನ ಅಂಚೇ ಮೇಲು. ಒಳಗಿನ ಕೋಣೆಗಳಲ್ಲಿ ಸಿಮೆಂಟ್ ಬಿಲ್ಲೆ ಹಾಸುವುದಾದರೆ ಅಡಿಯ ಗಾರೆ ಚೆನ್ನಾಗಿ ಒಣಗಿದ ಮೇಲೆ ಸೀಲರ್ ಹಚ್ಚುವುದು ಅವಶ್ಯ. ಇನ್ನೊಂದು ಅಪಾಯ ಕೆಲಸ ಮುಗಿದ ದಿನ ಎದುರಾಗುತ್ತದೆ. ವಿಟ್ರಿಫೈಡ್ ನೆಲದ ಮೇಲೆ ಅಂಟಿದ ಸಿಮೆಂಟು ಕಲೆಯನ್ನು ಕೆಲಸಗಾರರು ಆಸಿಡ್‌ನಿಂದ ತೊಳೆಯುವುದುಂಟು. ಅದೇ ಆಸಿಡ್ ಸಿಮೆಂಟ್ ಬಿಲ್ಲೆಯ ಅಥವಾ ಆಕ್ಸೈಡ್ ಅಂಚಿನ ಮೇಲೆ ಬಿದ್ದರೆ ಹೊಳಪೂ ಬಣ್ಣವೂ ಕಿತ್ತುಹೋಗುತ್ತವೆ. ಗ್ರಾಹಕ ದೂರು ತರುವುದು ಮಾತ್ರ ಮೇಸ್ತ್ರಿಯ ಬಳಿಗಲ್ಲ, ಬಿಲ್ಲು ಕೊಟ್ಟ ಅಂಗಡಿಗೆ. ಬಿಲ್ಲಿನ ಹಿಂಬದಿಯಲ್ಲಿ ‘ಆಸಿಡ್ ತಾಗಿಸಬಾರದು’ ಎಂಬ ಒಂದು ಸಾಲು ಅಚ್ಚು ಹಾಕಿಸುವುದಕ್ಕೆ ಏನೂ ಖರ್ಚಿಲ್ಲ.

ಚದರ ಅಡಿಯ ಭ್ರಮೆ

ಮೇಲೆ ಹೇಳಿದ 12 ಅಡಿಗೆ 15 ಅಡಿಯ ಕೋಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಟ್ಟು ನೆಲ 180 ಚದರ ಅಡಿ. ಒಂದಡಿ ಒಳಗೆ ಆರಿಂಚಿನ ಅಂಚು ಹಾಕಿದರೆ ಬೇಕಾಗುವುದು 84 ನೇರ ಬಿಲ್ಲೆಗಳು ಮತ್ತು 4 ಮೂಲೆ ಬಿಲ್ಲೆಗಳು, ಅಂದರೆ 44 ರನ್ನಿಂಗ್ ಫೂಟ್. ಅದು ಆವರಿಸುವ ಜಾಗ 22 ಚದರ ಅಡಿ, ಒಟ್ಟು ನೆಲದ ನೂರಕ್ಕೆ ಸುಮಾರು ಹನ್ನೆರಡು.

ಲೆಕ್ಕದ ಸೌಕರ್ಯಕ್ಕಾಗಿ ನಡುನೆಲದ ಟೈಲ್ಸ್‌ಗೆ ಚದರ ಅಡಿಗೆ 50 ರೂ., ಅಂಚಿಗೆ ಅಡಿಗೆ 120 ರೂ., ಹಾಸುವ ಕೂಲಿ ಚದರ ಅಡಿಗೆ 25 ರೂ., ಅಂಚಿನ ಕೂಲಿ ಅಡಿಗೆ 40 ರೂ. ಎಂದು ಇಟ್ಟುಕೊಳ್ಳೋಣ. ಅಂಚಿಲ್ಲದೆ ಇಡೀ ಕೋಣೆಗೆ ತಗಲುವುದು 13,500 ರೂ. ಅಂಚು ಸೇರಿದರೆ ಸಾದಾ ನೆಲ 158 ಚದರ ಅಡಿಗೆ 7,900 ರೂ., ಅಂಚಿಗೆ 5,280 ರೂ., ಕೂಲಿ 3,950 ಮತ್ತು 1,760 ರೂ., ಒಟ್ಟು 18,890 ರೂ. ಚದರ ಅಡಿಗೆ 75 ರೂ. ಇದ್ದ ನೆಲ 105 ರೂ.ಗೆ ಏರುತ್ತದೆ. ನೆಲದ ನೂರಕ್ಕೆ ಹನ್ನೆರಡು ಭಾಗವನ್ನಷ್ಟೇ ಆವರಿಸುವ ಅಂಚು ಸಾಮಗ್ರಿಯ ಬಿಲ್ಲಿನಲ್ಲಿ ನೂರಕ್ಕೆ ನಲವತ್ತು ಭಾಗವನ್ನು ನುಂಗುತ್ತದೆ. ಗ್ರಾಹಕನಿಗೆ ಇದನ್ನು ಮೊದಲೇ ಬಿಡಿಸಿ ತೋರಿಸಿದರೆ ಜಗಳವಿಲ್ಲ.

ಅತಿ ಸಾಮಾನ್ಯವಾದ ತಪ್ಪು ಅಂದಾಜುಪಟ್ಟಿ ಬರೆಯುವಾಗ ಆಗುತ್ತದೆ. ಗಣಕಯಂತ್ರದಲ್ಲಿ ಸಿದ್ಧವಿರುವ ನಮೂನೆಯಲ್ಲಿ ಎಲ್ಲ ಬಾಬತ್ತುಗಳಿಗೂ ಚದರ ಅಡಿಯ ಕಲಂ ಇರುತ್ತದೆ. ಗುಮಾಸ್ತನು ಅಂಚಿನ ಜಾಗವಾದ 22 ಚದರ ಅಡಿಯನ್ನು ಬರೆದು, ಪಕ್ಕದಲ್ಲಿ 120 ರೂ. ದರ ತುಂಬಿ, 2,640 ರೂ. ಎಂದು ಮೊಬಲಗು ತೆಗೆಯುತ್ತಾನೆ. ಆರಿಂಚು ಅಗಲದ ಅಂಚಿನಲ್ಲಿ ಒಂದು ಚದರ ಅಡಿಯೆಂದರೆ ಎರಡು ರನ್ನಿಂಗ್ ಫೂಟ್ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಖರೀದಿ ಬೆಲೆ ಅಡಿಗೆ 80 ರೂ. ಇದ್ದರೆ 44 ಅಡಿಯ ಅಸಲು 3,520 ರೂ. ಸಿಗಬೇಕಾಗಿದ್ದ 1,760 ರೂ. ಲಾಭ ಹೋಗಿ, ಅಸಲಿನಲ್ಲಿಯೇ 880 ರೂ. ಕೈಬಿಡುತ್ತದೆ. ಒಂದು ಕೋಣೆಯಲ್ಲಿ ಇದು ಸಣ್ಣ ಮೊತ್ತ. ವಸತಿ ಸಮುಚ್ಚಯವೊಂದರ ನಲವತ್ತು ಫ್ಲ್ಯಾಟುಗಳಿಗೆ ದರಪಟ್ಟಿ ಒಪ್ಪಿಸಿ ಸಹಿ ಮಾಡಿದವರಿಗೆ ಸಣ್ಣದಲ್ಲ.

ಉಳಿಕೆಯ ಬೆಲೆ

ಅಂಚುಪಟ್ಟಿಯ ವ್ಯಾಪಾರದಲ್ಲಿ ಲಾಭ ಕರಗುವುದು ಮಾರಾಟದಲ್ಲಿ ಅಲ್ಲ, ದಾಸ್ತಾನಿನಲ್ಲಿ. ಇಪ್ಪತ್ತು ವಿನ್ಯಾಸಗಳನ್ನು ತಲಾ 200 ಅಡಿಯಂತೆ, ಅಡಿಗೆ 80 ರೂ. ದರದಲ್ಲಿ ತರಿಸಿದ ಅಂಗಡಿಯೊಂದನ್ನು ಊಹಿಸಿಕೊಂಡರೆ, ತೊಡಗಿಸಿದ ಬಂಡವಾಳ 3,20,000 ರೂ. 120 ರೂ.ಗೆ ಮಾರಿದರೆ ಅಡಿಗೆ 40 ರೂ.ನಂತೆ ಕಾಗದದ ಮೇಲೆ ಕಾಣುವ ಲಾಭ 1,60,000 ರೂ.

ಈಗ ನಿಜವಾಗಿ ಆಗುವುದನ್ನು ನೋಡಬೇಕು. ಒಂದು ಕೋಣೆಗೆ 44 ಅಡಿಯಂತೆ ಪ್ರತಿ ವಿನ್ಯಾಸವೂ ನಾಲ್ಕು ಕೋಣೆಗಳಿಗೆ ಸಾಕಾಗಿ 24 ಅಡಿ ಉಳಿಯುತ್ತದೆ. ಈ 24 ಅಡಿ ಯಾವ ಚಾವಡಿಗೂ ಸಾಲದು. ಇಪ್ಪತ್ತು ವಿನ್ಯಾಸಗಳಿಂದ ಉಳಿಯುವುದು 480 ಅಡಿ. ಮಾರಾಟವಾದ 3,520 ಅಡಿಯಿಂದ ಬರುವುದು 4,22,400 ರೂ.; ಖರೀದಿ ಮೊತ್ತ ಕಳೆದರೆ 1,02,400 ರೂ. ಇಷ್ಟು ಮಾರಲು ಎರಡು ವರ್ಷ ಹಿಡಿಯಿತು, ಸರಾಸರಿ ಅರ್ಧ ಬಂಡವಾಳ ಸಿಲುಕಿಕೊಂಡಿತ್ತು, ಬ್ಯಾಂಕಿನ ಬಡ್ಡಿ ನೂರಕ್ಕೆ 12 ಎಂದು ಹಿಡಿದರೆ ಬಡ್ಡಿ 38,400 ರೂ. ಕೊನೆಗೆ ಕೈಯಲ್ಲಿ ಉಳಿಯುವುದು 64,000 ರೂ. ಬಾಡಿಗೆ, ಒಡೆತ, ಹಮಾಲಿಯ ಖರ್ಚು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಉಳಿಕೆಯನ್ನು ಅರ್ಧ ಅಸಲಿಗೆ ಕೊಟ್ಟು ತೀರಿಸಿದರೆ 19,200 ರೂ. ಬಂದು ಲಾಭ 83,200 ರೂ.ಗೆ ಏರುತ್ತದೆ. ಆದರೆ ‘ಅಸಲಿಗಿಂತ ಕಡಿಮೆಗೆ ಕೊಡುವುದೇ?’ ಎಂಬ ಹಠದಿಂದ ಅವನ್ನು ಐದಾರು ವರ್ಷ ಕಾಯುವವರೇ ಹೆಚ್ಚು.

ವರ್ಷಾಂತ್ಯದ ದಾಸ್ತಾನು ಬೆಲೆಕಟ್ಟುವಿಕೆಯಲ್ಲಿ ಅಸಲು ಅಥವಾ ಮಾರಿದರೆ ನಿವ್ವಳವಾಗಿ ಬರಬಹುದಾದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕ 2ರ ನಿಯಮ. ಆರು ಸಾಲು ಉಳಿದ ಅಂಚಿನ ಪೆಟ್ಟಿಗೆಗಳನ್ನು ಪೂರ್ಣ ಅಸಲಿಗೆ ತೋರಿಸುತ್ತಾ ಹೋದರೆ ಇಲ್ಲದ ಲಾಭದ ಮೇಲೆ ಆದಾಯ ತೆರಿಗೆ ಕಟ್ಟಿದಂತಾಗುತ್ತದೆ. ಜಿಎಸ್‌ಟಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಸರಕನ್ನು ಕಡಿಮೆ ಬೆಲೆಗೆ ಮಾರಿದರೆ ಪಡೆದ ಹೂಡುವಳಿ ತೆರಿಗೆ ಜಮೆಗೆ ಧಕ್ಕೆಯಿಲ್ಲ. ಅದನ್ನು ಹಾಳಾಯಿತೆಂದು ಪುಸ್ತಕದಿಂದ ಪೂರ್ತಿಯಾಗಿ ತೆಗೆದುಹಾಕಿದರೆ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನ ಪ್ರಕಾರ ಆ ಜಮೆಯನ್ನು ಹಿಂದಿರುಗಿಸಬೇಕು. ಹೀಗಾಗಿ ತಿಪ್ಪೆಗೆ ಎಸೆಯುವುದಕ್ಕಿಂತ ಹತ್ತು ರೂಪಾಯಿಗಾದರೂ ಬಿಲ್ಲು ಮಾಡಿ ಮಾರುವುದು ಲೇಸು.

ಉಳಿಕೆಯನ್ನು ಮಾರುವ ದಾರಿಗಳೂ ಇಲ್ಲದಿಲ್ಲ. ದೇವರ ಕೋಣೆಯ ಮುಂದಿನ ಚೌಕ, ಮೆಟ್ಟಿಲಿನ ಎದುರುಪಟ್ಟಿ, ತುಳಸಿಕಟ್ಟೆಯ ಸುತ್ತ, ಅಡುಗೆಕಟ್ಟೆಯ ಹಿಂಬದಿಯ ಗೋಡೆ, ಇವಕ್ಕೆ 24 ಅಡಿ ಧಾರಾಳ. ಮೂಲೆ ಬಿಲ್ಲೆಗಳ ವಿಷಯದಲ್ಲಿ ಮಾತ್ರ ಲೋಭ ಸಲ್ಲದು. ಕೋಣೆಗೆ ಬೇಕಾದುದು ನಾಲ್ಕೇ ಆದರೂ ಒಂದು ಒಡೆದರೆ ಇಡೀ ಕೋಣೆಯ ಕೆಲಸ ನಿಲ್ಲುತ್ತದೆ. ಪ್ರತಿ ಕೋಣೆಗೆ ಎರಡು ಹೆಚ್ಚುವರಿ ಮೂಲೆಗಳನ್ನು ತರಿಸುವುದೇ ಜಾಣತನ. ಬಣ್ಣದ ಛಾಯೆ ತಯಾರಿಕೆಯ ತಂಡದಿಂದ ತಂಡಕ್ಕೆ ಬದಲಾಗುವುದರಿಂದ ಎರಡು ತಂಡಗಳ ಪೆಟ್ಟಿಗೆಗಳನ್ನು ಒಂದು ಕೋಣೆಗೆ ಬೆರೆಸಬಾರದು.

ಮಾರಾಟದ ಜೊತೆಗೆ ಹಾಸುವ ಕೆಲಸವನ್ನೂ ವಹಿಸಿಕೊಳ್ಳುವ ಅಂಗಡಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಸಾಮಗ್ರಿ ಮತ್ತು ಕೂಲಿ ಸೇರಿಸಿ ಕಟ್ಟಡದಲ್ಲಿ ಮಾಡಿಕೊಡುವ ಒಪ್ಪಂದವು ಜಿಎಸ್‌ಟಿಯ ದೃಷ್ಟಿಯಲ್ಲಿ ಕಾಮಗಾರಿ ಗುತ್ತಿಗೆ, ಅಂದರೆ ಸೇವೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸರಕು ವ್ಯಾಪಾರಿಗೆ ಸೇವೆಯ ಮಿತಿಯು ಹಿಂದಿನ ವರ್ಷದ ವಹಿವಾಟಿನ ನೂರಕ್ಕೆ ಹತ್ತು ಅಥವಾ 5 ಲಕ್ಷ ರೂ., ಇವೆರಡರಲ್ಲಿ ಹೆಚ್ಚಿನದು. ಅದನ್ನು ಮೀರಿದರೆ ಪದ್ಧತಿಯ ಅರ್ಹತೆಯೇ ಹೋಗುತ್ತದೆ.

ಸಣ್ಣ ತಯಾರಕರಿಗೆ ತೆರೆದ ಬಾಗಿಲು

ನಡುನೆಲದ ಟೈಲ್ಸ್‌ನಲ್ಲಿ ಮೋರ್ಬಿಯೊಂದಿಗೆ ಸ್ಪರ್ಧಿಸುವುದು ಇಲ್ಲಿನ ಸಣ್ಣ ಉದ್ದಿಮೆಗೆ ಸಾಧ್ಯವಿಲ್ಲ. ಆದರೆ ಅಂಚಿನ ಮಾತು ಬೇರೆ. ಒಂದು ಕೋಣೆಗೆ 88 ಬಿಲ್ಲೆಗಳು. ಗ್ರಾಹಕ ಕೇಳಿದ ಬಣ್ಣದಲ್ಲಿ, ಕೇಳಿದ ಅಳತೆಯಲ್ಲಿ. ದೊಡ್ಡ ಕಾರ್ಖಾನೆಗೆ ಇಷ್ಟು ಸಣ್ಣ ಬೇಡಿಕೆ ಲಾಭದಾಯಕವಲ್ಲ. ಸಣ್ಣ ಘಟಕದ ಅವಕಾಶ ಇರುವುದು ಅಲ್ಲಿಯೇ.

ಒತ್ತು ಸಿಮೆಂಟ್ ಬಿಲ್ಲೆಯ ತಯಾರಿಕೆಗೆ ಬೇಕಾದುದು ಒಂದು ಪ್ರೆಸ್, ಲೋಹದ ಅಚ್ಚುಗಳು, ಬಿಳಿ ಸಿಮೆಂಟ್, ಅಮೃತಶಿಲೆಯ ಪುಡಿ, ಆಕ್ಸೈಡ್ ಬಣ್ಣ, ಮರಳು ಮತ್ತು ನೀರಿನ ತೊಟ್ಟಿ. ಅಚ್ಚಿನೊಳಗಿನ ತೆಳುವಾದ ವಿಭಾಜಕದ ಮನೆಗಳಿಗೆ ಒಂದೊಂದಾಗಿ ಬಣ್ಣದ ಹದವನ್ನು ಎರೆದು, ವಿಭಾಜಕವನ್ನು ಎತ್ತಿ, ಮೇಲೆ ಒಣ ಸಿಮೆಂಟು ಮರಳಿನ ಪದರ ಹಾಕಿ ಒತ್ತಿದರೆ ಬಿಲ್ಲೆ ಸಿದ್ಧ. ಮಂಗಳೂರಿನ ಹೆಂಚಿನ ಉದ್ಯಮವನ್ನು ಕಾಡಿದ ಜೇಡಿಮಣ್ಣೂ ಬೇಡ, ಸೌದೆಯೂ ಬೇಡ, ಗೂಡೂ ಬೇಡ. ಇಲ್ಲಿ ಬೆಂಕಿಯ ಕೆಲಸವನ್ನು ನೀರು ಮತ್ತು ಕಾಲ ಮಾಡುತ್ತವೆ. ಸಿಮೆಂಟು ಪೂರ್ಣ ಬಲ ಪಡೆಯಲು 28 ದಿನಗಳೆಂಬುದು ಸರ್ವವಿದಿತ. ಅಷ್ಟು ದಿನದ ಸರಕು ಅಂಗಳದಲ್ಲಿ ಕಾಯುತ್ತಿರುತ್ತದೆ ಎಂದು ದುಡಿಯುವ ಬಂಡವಾಳದ ಅಂದಾಜಿನಲ್ಲಿ ಸೇರಿಸಬೇಕು. ಅವಸರಕ್ಕೆ ಹಸಿ ಬಿಲ್ಲೆ ಕಳುಹಿಸಿದ ಘಟಕ ಎರಡನೆಯ ಬೇಡಿಕೆಯನ್ನು ಕಾಣುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ದರ ನೂರಕ್ಕೆ 28ರಿಂದ 18ಕ್ಕೆ ಇಳಿದಿರುವುದು ಇಂಥ ಘಟಕಗಳಿಗೆ ಅನುಕೂಲಕರ. ಸಿದ್ಧ ಸೆರಾಮಿಕ್ ಟೈಲ್ಸ್‌ನ ದರವು 2017ರ ನವೆಂಬರ್ 15ರಂದೇ 28ರಿಂದ 18ಕ್ಕೆ ಇಳಿದಿತ್ತು. ಕಚ್ಚಾ ಸಾಮಗ್ರಿಗೆ ಹೆಚ್ಚು ತೆರಿಗೆ, ಸಿದ್ಧ ಸರಕಿಗೆ ಕಡಿಮೆ ತೆರಿಗೆ ಎಂಬ ಇಕ್ಕಟ್ಟು ಈಗ ಉಳಿದಿಲ್ಲ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಇನ್ನೊಂದು ರಕ್ಷಣೆಯೂ ಉಂಟು. 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ 45 ದಿನಗಳೊಳಗೆ ಖರೀದಿದಾರನು ಹಣ ಪಾವತಿಸಬೇಕು. 2024-25ನೇ ಕರ ನಿರ್ಧಾರಣಾ ವರ್ಷದಿಂದ, ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವು ನಿಜವಾಗಿ ಪಾವತಿಯಾದ ವರ್ಷದಲ್ಲಿ ಮಾತ್ರ ಖರೀದಿದಾರನ ಆದಾಯದಿಂದ ಕಳೆಯಲ್ಪಡುತ್ತದೆ. ಬಿಲ್ಲೆ ಖರೀದಿಸುವ ಅಂಗಡಿಗಳೂ ಕಟ್ಟಡ ನಿರ್ಮಾಪಕರೂ ಮಾರ್ಚ್ ತಿಂಗಳಲ್ಲಿ ಇದನ್ನು ನೆನಪಿಡಬೇಕು.

ಗ್ರಾನೈಟ್ ಕಡಿಯುವ ಘಟಕಗಳಿಗೂ ಅವಕಾಶವಿದೆ. ಅಡುಗೆಕಟ್ಟೆಗಾಗಿ ಕತ್ತರಿಸಿ ಉಳಿದ ನಾಲ್ಕಿಂಚು, ಆರಿಂಚಿನ ಸೀಳುಗಳು ಬಹುತೇಕ ಕಡೆ ಅಂಗಳದ ತುಂಬುಮಣ್ಣಿಗೆ ಹೋಗುತ್ತವೆ. ಅವುಗಳನ್ನು ಒಂದೇ ಅಗಲಕ್ಕೆ ತಂದು ಬದಿ ಹೊಳಪು ಮಾಡಿದರೆ ಸಾದಾ ಕಪ್ಪು ಅಂಚಿಗೆ ಅದೇ ಸಾಕು. ಮರಳಿನಂಥ ಗಾರ್ನೆಟ್ ಪುಡಿ ಬೆರೆಸಿದ ನೀರಿನ ಧಾರೆಯಿಂದ ಕಲ್ಲನ್ನು ಬಳ್ಳಿ, ಹೂವುಗಳ ಆಕಾರಕ್ಕೆ ಕತ್ತರಿಸುವ ವಾಟರ್‌ಜೆಟ್ ಯಂತ್ರ ದುಬಾರಿಯಾದುದು. ಅದನ್ನು ಕೊಳ್ಳುವುದಕ್ಕಿಂತ ಕೂಲಿ ಆಧಾರದಲ್ಲಿ ಕೆಲಸ ಮಾಡಿಸಿಕೊಳ್ಳುವುದು ಆರಂಭಕ್ಕೆ ಸೂಕ್ತ.

ಕೊನೆಯದಾಗಿ ಹಳೆಯ ಬಿಲ್ಲೆಗಳ ವ್ಯಾಪಾರ. ನಗರದಲ್ಲಿ ಹಳೆಯ ಮನೆಗಳು ಉರುಳಿ ಬಹುಮಹಡಿಗಳು ಏಳುತ್ತಿರುವಾಗ ಮರ, ಹೆಂಚು, ಬಾಗಿಲುಗಳನ್ನು ಬಿಡಿಸಿ ಮಾರುವವರಿದ್ದಾರೆ. ನೆಲವನ್ನು ಮಾತ್ರ ಹಾರೆಯಿಂದ ಒಡೆದು ಹಾಕುತ್ತಾರೆ. ಸುಣ್ಣದ ಗಾರೆಯ ಮೇಲೆ ಹಾಸಿದ ಸಿಮೆಂಟ್ ಬಿಲ್ಲೆಗಳು ಉಳಿಯಿಂದ ನಿಧಾನವಾಗಿ ಎಬ್ಬಿಸಿದರೆ ಇಡಿಯಾಗಿ ಬರುತ್ತವೆ. ಸಿಮೆಂಟು ಗಾರೆಯ ಮೇಲಿನವು ಬರುವುದು ಕಷ್ಟ. ಹತ್ತಡಿ ಚದರದ ಒಂದು ಹಳೆಯ ಕೋಣೆಯಲ್ಲಿ ಎಂಟಿಂಚಿನ 225 ಬಿಲ್ಲೆಗಳಿರುತ್ತವೆ. ಅರ್ಧದಷ್ಟು ಒಡೆದು 112 ಉಳಿದರೂ ಸುಮಾರು 74 ಅಡಿ ಅಂಚಾಗುತ್ತದೆ. ಮತ್ತೆ ಇಡೀ ನೆಲಕ್ಕೆ ಸಾಲದ ಬಿಲ್ಲೆಗಳು ಹೊಸ ಮನೆಯ ದೊಡ್ಡ ಚಾವಡಿಯೊಂದರ ಅಂಚಿಗೆ ಧಾರಾಳವಾಗಿ ಸಾಕು. ಅಜ್ಜನ ಮನೆಯ ನೆಲವನ್ನು ಫ್ಲ್ಯಾಟಿಗೆ ಕೊಂಡೊಯ್ಯಲು ಬಯಸುವ ಗ್ರಾಹಕರು ದರಕ್ಕೆ ಚೌಕಾಸಿ ಮಾಡುವುದು ಕಡಿಮೆ. ಇಂಥ ಬಳಸಿದ ಸರಕಿನ ಖರೀದಿಯ ಮೇಲೆ ತೆರಿಗೆ ಜಮೆ ಪಡೆಯದಿದ್ದರೆ, ಜಿಎಸ್‌ಟಿ ನಿಯಮ 32(5)ರಂತೆ ಮಾರಾಟ ಮತ್ತು ಖರೀದಿ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. ಅದಕ್ಕಾಗಿ ಮನೆ ಮಾಲೀಕರಿಂದ ಬಿಲ್ಲೆಗಳ ಸಂಖ್ಯೆ, ಅಳತೆ, ಕೊಟ್ಟ ಮೊತ್ತಗಳನ್ನು ನಮೂದಿಸಿದ ಸಹಿಯುಳ್ಳ ರಸೀದಿಯನ್ನು ಎಬ್ಬಿಸುವ ಕೆಲಸ ಆರಂಭವಾಗುವ ಮೊದಲೇ ಪಡೆದಿಟ್ಟುಕೊಳ್ಳಬೇಕು.